ಅಮ್ಮನ ಕೊಲೊನೋಸ್ಕೋಪಿ: ಮಂಪರು ಸಾಕಾ, ಪೂರ್ತಿ ನಿದ್ದೆ ಬೇಕಾ?

ಬೆಣ್ಣೆದೋಸೆ, ದಾವಣಗೆರೆ:
ಬರೋ ಗುರುವಾರ ಅಮ್ಮನಿಗೆ ಕೊಲೊನೋಸ್ಕೋಪಿ (ಹಿಂದಿನಿಂದ ಕ್ಯಾಮೆರಾ ಇರೋ ಕೊಳವೆ ಹಾಕಿ ದೊಡ್ಡ ಕರುಳು ನೋಡೋದು) ಇದೆ. ವಯಸ್ಸು 63. ಶುಗರ್‌ಗೆ ಮಾತ್ರೆ ತಗೋತಾರೆ, ಗರ್ಭಕೋಶ ತೆಗೆಸಿ 20 ವರ್ಷ ಆಯ್ತು. ಆಸ್ಪತ್ರೆಯವರು ಎರಡು ಥರ ಹೇಳಿದಾರೆ. ಒಂದು, ಸ್ಕೋಪ್ ಹಾಕೋ ಡಾಕ್ಟ್ರೇ ಮಿಡಜೋಲಾಮ್ ಜೊತೆ ಫೆಂಟನಿಲ್ ಕೊಟ್ಟು ಮಂಪರು ಬರಿಸೋದು. ಇನ್ನೊಂದು, ಅನಸ್ತೇಶಿಯಾ ಡಾಕ್ಟ್ರು ಬಂದು ಪ್ರೊಪೊಫಾಲ್ ಕೊಟ್ಟು ಪೂರ್ತಿ ಮಲಗಿಸೋದು. ಇದಕ್ಕೆ 4,000 ಜಾಸ್ತಿ. ವಿವರ ಕೇಳೋಣ ಅಂದ್ರೆ ಬಿಲ್ ಕೌಂಟರ್‌ನವರು "ಯಾವುದು ಹಾಕ್ಲಿ, ಬೇಗ ಹೇಳಿ" ಅಂತಾರೆ, ಖಾಲಿನೋ ಮಸಾಲೆನೋ ಅಂದ ಹಾಗೆ.

ಅಮ್ಮಂಗೆ ನೋವಿನ ಭಯ ಇಲ್ಲ. "ಮಲಗಿಸಿದ ಮೇಲೆ ಏಳದೇ ಹೋದ್ರೆ?" ಅನ್ನೋದೇ ಭಯ. ಗೊರಕೆ ಬೇರೆ ವಿಪರೀತ. ಮಧ್ಯೆ ಉಸಿರು ಕಟ್ಟಿ ಗಕ್ ಅಂತ ಎಚ್ಚರ ಆಗ್ತಾರೆ. ಇದನ್ನೂ ಹೇಳ್ಬೇಕಾ?

ರಿಟೈರ್ಡ್ ಮೇಷ್ಟ್ರು, ಸಾಗರ:
ನಾನು ಏನೂ ಕೊಡಿಸಿಕೊಳ್ಳದೆ ಮಾಡಿಸಿಕೊಂಡವನು ಕಣಪ್ಪ. ಎಡ ಮಗ್ಗುಲಲ್ಲಿ ಮಲಗಿ ನನ್ನ ಕರುಳನ್ನ ನಾನೇ ಟಿವಿಯಲ್ಲಿ ನೋಡಿದೆ, ಒಳ್ಳೇ ರೈಲು ಸುರಂಗ. ಮೊದಲ ತಿರುವಿನಲ್ಲಿ ಹೊಟ್ಟೆ ಹಿಂಡಿ ದೇವರು ಕಂಡ. ಆಮೇಲೆ ಗಾಳಿ ಬದಲು ನೀರು ಬಿಡ್ತಾ ಹೋದ್ರು, ತಡಕೊಳ್ಳೋ ಹಾಗಾಯ್ತು. ಪಾಲಿಪ್, ಅಂದ್ರೆ ಕರುಳಿನ ಒಳಗೋಡೆಯಲ್ಲಿ ಬೆಳೆದ ಸಣ್ಣ ಗಂಟು, ಕತ್ತರಿಸಿದ್ದಂತೂ ಗೊತ್ತೇ ಆಗ್ಲಿಲ್ಲ. ನಿಜವಾದ ಶಿಕ್ಷೆ ಕರುಳು ಖಾಲಿ ಮಾಡೋಕೆ ಹಿಂದಿನ ರಾತ್ರಿ ಕುಡಿಸೋ ಆ 2 ಲೀಟರ್ ಉಪ್ಪುಪ್ಪು ನೀರು.

ಲೀಡ್ಸ್ ಸಿಸ್ಟರ್:
ಮೇಷ್ಟ್ರ ಧೈರ್ಯ ಎಲ್ಲರಿಗೂ ಬರಲ್ಲ. ಇಲ್ಲಿ ಇಂಗ್ಲೆಂಡಲ್ಲಿ ಇನ್ನೊಂದಿದೆ: ಎಂಟೊನಾಕ್ಸ್, ಅರ್ಧ ನೈಟ್ರಸ್ ಆಕ್ಸೈಡ್, ಅರ್ಧ ಆಮ್ಲಜನಕ. ಹೆರಿಗೆ ವಾರ್ಡಿನಲ್ಲಿ ಕೊಡೋದೇ. ನೋವು ಬಂದಾಗ ಪೇಷಂಟೇ ಎಳ್ಕೋತಾರೆ, ನಿಲ್ಲಿಸಿದ ಕೆಲವೇ ನಿಮಿಷಕ್ಕೆ ಇಳಿದುಹೋಗುತ್ತೆ. ಮಿಡಜೋಲಾಮ್ ಹಾಗಲ್ಲ, 24 ಗಂಟೆ ಗಾಡಿ ಮುಟ್ಟೋ ಹಾಗಿಲ್ಲ. ಮರೆವೂ ತರುತ್ತೆ. ಡಾಕ್ಟ್ರ ಜೊತೆ ಐದು ನಿಮಿಷ ಚೆನ್ನಾಗೇ ಮಾತಾಡಿ, ಮನೆಗೆ ಹೋಗಿ "ನಂಗೆ ಯಾರೂ ಏನೂ ಹೇಳ್ಲೇ ಇಲ್ಲ" ಅಂತಾರೆ. ರಿಪೋರ್ಟ್ ನೀವೇ ನಿಂತು ಕೇಳಿಸ್ಕೊಳ್ಳಿ.

ಮದ್ದು ಡಾಕ್ಟ್ರು, ಮೈಸೂರು:
ಅನಸ್ತೇಶಿಯಾ ನನ್ನ ಕೆಲಸ, ಹಾಗಾಗಿ 4,000 ಕಡೆಗೇ ವಾದ ಮಾಡ್ತೀನಿ ಅಂದ್ಕೋಬೇಡಿ. ಆರೋಗ್ಯವಾಗಿರೋರಿಗೆ ಮಂಪರು ಧಾರಾಳ ಸಾಕು. ಜಾಸ್ತಿ ಆಯ್ತು ಅಂದ್ರೆ ಆ ಎರಡು ಮದ್ದಿಗೂ ಪ್ರತಿಮದ್ದಿದೆ: ಮಿಡಜೋಲಾಮ್‌ಗೆ ಫ್ಲುಮಾಜೆನಿಲ್, ಫೆಂಟನಿಲ್‌ಗೆ ನಲೋಕ್ಸೋನ್. ಹಾಲಿನಂಥ ಬಿಳೀ ಪ್ರೊಪೊಫಾಲ್‌ಗೆ ಪ್ರತಿಮದ್ದೇ ಇಲ್ಲ. ಅದರ ಗುಣ ಅಂದ್ರೆ ಒಂದು ನಿಮಿಷದೊಳಗೆ ಹತ್ತಿ, ನಿಲ್ಲಿಸಿದರೆ ಬೇಗ ಇಳಿಯುತ್ತೆ. ಆದ್ರೆ ಅಷ್ಟೂ ಹೊತ್ತು ಉಸಿರನ್ನೇ ಕಾಯೋಕೆ ಒಬ್ಬರು ತಲೆ ಹತ್ರ ನಿಂತಿರಬೇಕು.

ನಿಮ್ಮ ಪೋಸ್ಟಿನಲ್ಲಿ ಮುಖ್ಯವಾಗಿದ್ದು ಕೊನೇ ಸಾಲು. ಉಸಿರು ಕಟ್ಟೋ ಗೊರಕೆ ಅಂದ್ರೆ ಸ್ಲೀಪ್ ಆಪ್ನಿಯಾ (ನಿದ್ದೇಲಿ ಉಸಿರು ಆಗಾಗ ನಿಲ್ಲೋ ತೊಂದರೆ) ಇರಬಹುದು, ಎರಡೂ ದಾರಿಯಲ್ಲಿ ಅಪಾಯ ಹೆಚ್ಚು. ಗರ್ಭಕೋಶದ ಆಪರೇಷನ್ ಆದವರಲ್ಲಿ ಕರುಳು ಅಂಟಿಕೊಂಡಿದ್ರೆ ಸ್ಕೋಪ್ ತಿರುವಿನಲ್ಲಿ ಸಿಕ್ಕಿ ನೋವು ಕೊಡುತ್ತೆ. ಆಗ "ಇನ್ನೊಂಚೂರು ಕೊಡಿ, ಇನ್ನೊಂಚೂರು" ಅಂತ ಮಂಪರಿನ ಡೋಸ್ ಏರುತ್ತೆ. ಸ್ಕೋಪ್ ಹಿಡಿದ ಡಾಕ್ಟ್ರ ಕಣ್ಣು ಟಿವಿ ಮೇಲಿರುತ್ತೆ. ನಮ್ಮಮ್ಮ ಆಗಿದ್ರೆ ನಾನು ಅನಸ್ತೇಶಿಯಾ ಡಾಕ್ಟ್ರು ಬೇಕು ಅಂತಿದ್ದೆ, ಪ್ರೊಪೊಫಾಲ್ ಅಂತಲ್ಲ, ಕಾಯೋರು ಇರ್ತಾರೆ ಅಂತ. ಬಿಡೋ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯೋ ಮಾನಿಟರ್ ಇದೆಯಾ ಕೇಳಿ. ಆಕ್ಸಿಜನ್ ಕೊಡ್ತಿರುವಾಗ, ಉಸಿರು ನಿಂತರೂ, ರಕ್ತದ ಆಕ್ಸಿಜನ್ ಅಳೆಯೋ ಬೆರಳಿನ ಕ್ಲಿಪ್ ತಡವಾಗಿ ಕೂಗುತ್ತೆ.

ಅಂದಹಾಗೆ ಶುಗರ್ ಮಾತ್ರೆ ಯಾವುದು?

ಬೆಣ್ಣೆದೋಸೆ, ದಾವಣಗೆರೆ:
ಥ್ಯಾಂಕ್ಸ್ ಮೇಡಂ. ಸ್ಟ್ರಿಪ್ ನೋಡಿದೆ: ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್. ಬುಧವಾರ ರಾತ್ರಿವರೆಗೂ ಕೊಡಬಹುದಲ್ವಾ?

ಮದ್ದು ಡಾಕ್ಟ್ರು, ಮೈಸೂರು:
ಡಾಪಾ ಕನಿಷ್ಠ 3 ದಿನ ಮೊದಲೇ ನಿಲ್ಲಿಸೋದು ರೂಢಿ. ಉಪವಾಸದಲ್ಲಿ ಅದು, ಶುಗರ್ ನಾರ್ಮಲ್ ಇದ್ರೂ ರಕ್ತದಲ್ಲಿ ಆಮ್ಲ ಏರಿಸಬಹುದು. ಇವತ್ತೇ ಭಾನುವಾರ. ಈಗಲೇ ಅವರ ಶುಗರ್ ಡಾಕ್ಟ್ರಿಗೆ ಫೋನ್ ಮಾಡಿ.

ಬೆಣ್ಣೆದೋಸೆ, ದಾವಣಗೆರೆ:
ಮಾಡಿದೆ. ನಾಳೆಯಿಂದ ಬಂದ್ ಅಂದ್ರು. ಗೊರಕೆ ವಿಷಯ ಆಸ್ಪತ್ರೆಗೂ ಹೇಳಿದೆ, ಮಂಗಳವಾರ ಅನಸ್ತೇಶಿಯಾದವರು ಅಮ್ಮನ್ನ ನೋಡ್ತಾರಂತೆ. ಅಮ್ಮ ಮಾತ್ರ "ನಾನು ಗೊರಕೇನೇ ಹೊಡೆಯಲ್ಲ" ಅಂತಿದಾರೆ. ಇವತ್ತು ರಾತ್ರಿ ಮೊಬೈಲಲ್ಲಿ ರೆಕಾರ್ಡ್ ಮಾಡ್ತೀನಿ.