ಹಿಮಬಿರುಗಾಳಿಯ ದಿನವೇ ಸಂಕ್ರಾಂತಿ ಬಂದಾಗ ಏನು ಮಾಡಿದಿರಿ? ಅನುಭವ ತಿಳಿಸಿ

ಮೈಸೂರಿನವಳು, ಮಿನಿಯಾಪೊಲಿಸ್
ಈ ಸಂಕ್ರಾಂತಿಗೆ ನಾಲ್ಕು ಸ್ನೇಹಿತರ ಕುಟುಂಬಗಳು ನಮ್ಮ ಮನೆಯಲ್ಲಿ ಸೇರುವುದೆಂದು ನಿಶ್ಚಯವಾಗಿತ್ತು. ಮಗುವಿಗೆ ಇದು ಮೊದಲ ಸಂಕ್ರಾಂತಿಯಾದ್ದರಿಂದ ಎಲಚಿಹಣ್ಣು ಎರೆಯಬೇಕೆಂಬ ಆಸೆಯೂ ಇದೆ. ಈಗ ಅದೇ ಸಂಜೆ ಹಿಮಬಿರುಗಾಳಿ ಬರುತ್ತದೆಂಬ ಎಚ್ಚರಿಕೆ ಕೊಟ್ಟಿದ್ದಾರೆ. ಇಂಥ ಹವೆಯಲ್ಲೇ ಹಬ್ಬ ಮಾಡಿದವರು, ಮುಂದೂಡಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಬಫಲೋ ನಿವಾಸಿ
2024ರಲ್ಲಿ ನಾವು ಮುಂದೂಡಿದೆವು. ಅದು ಸರಿಯೆಂದೇ ಇಂದಿಗೂ ಹೇಳುತ್ತೇನೆ. ಜನವರಿ 13ರ ಶನಿವಾರ ರಾತ್ರಿಯಿಂದ ನಮ್ಮ ಈರಿ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) ವಾಹನ ಸಂಚಾರವನ್ನು ನಿಷೇಧಿಸಿದರು. ಭಾನುವಾರ ನಡೆಯಬೇಕಿದ್ದ ಬಿಲ್ಸ್ ಮತ್ತು ಸ್ಟೀಲರ್ಸ್ ತಂಡಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯವೇ ಸೋಮವಾರಕ್ಕೆ ಹೋಯಿತು. ನನ್ನ ಹೆಂಡತಿಗೆ ಅದು ಮದುವೆಯಾದ ಮೇಲೆ ಬಾಳೆಹಣ್ಣು ಬೀರುವ ಐದನೆಯ ವರ್ಷ. ನಮ್ಮ ಮನೆಯ ಪದ್ಧತಿಯಂತೆ ಒಂದೊಂದು ಮನೆಗೆ 25 ಹಣ್ಣು ಕೊಡಬೇಕಿತ್ತು. ಹಂಚಲೆಂದು ಕಾರಿನ ಡಿಕ್ಕಿಯಲ್ಲಿ ಇರಿಸಿದ್ದ ಹಣ್ಣೆಲ್ಲ ಒಂದೇ ರಾತ್ರಿಯ ಚಳಿಗೆ ಸಿಪ್ಪೆ ಕಪ್ಪಾಗಿ ಹೋಯಿತು. ಕಬ್ಬು, ಎಲಚಿಹಣ್ಣು, ಬಾಳೆಹಣ್ಣು, ಬೆಳಗಾವಿಯಿಂದ ತರಿಸಿದ ಬೆಲ್ಲ ಎಂದು ಒಟ್ಟು 110 ಡಾಲರಿಗೂ ಮೇಲೆ ಖರ್ಚಾಗಿತ್ತು. ಆದರೂ ನಾವು ಮನೆಯಿಂದ ಹೊರಡಲಿಲ್ಲ, ಏಕೆಂದರೆ 2022ರ ಕ್ರಿಸ್‌ಮಸ್ ಹೊತ್ತಿನ ಬಿರುಗಾಳಿಯನ್ನು ಇದೇ ಊರಿನಲ್ಲಿ ಕಂಡಿದ್ದೆವು. ಆಗ ಈ ಕೌಂಟಿಯಲ್ಲಿ 40ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಕೆಲವರು ಹಿಮದಲ್ಲಿ ಸಿಕ್ಕಿಬಿದ್ದ ಕಾರುಗಳೊಳಗೇ ಪ್ರಾಣ ಬಿಟ್ಟರು. ಈರಿ ಸರೋವರದ ಮೇಲಿಂದ ಬೀಸುವ ಗಾಳಿ ಹಿಮವನ್ನು ಎತ್ತಿ ಎರಚುವಾಗ ತಮ್ಮ ಕಾರಿನ ಮೂತಿಯೂ ಚಾಲಕರಿಗೆ ಕಾಣುವುದಿಲ್ಲ. ರಥಸಪ್ತಮಿಯವರೆಗೆ ಎಳ್ಳು ಬೀರುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಮುಂದಿನ ಶನಿವಾರ ಹೊಸ ಹಣ್ಣು ತಂದು ಎಲ್ಲರ ಮನೆಗೂ ಹೋಗಿಬಂದೆವು.

ತುಮಕೂರಿನವಳು, ಬಾಸ್ಟನ್
ಪಂದ್ಯವನ್ನು ಮುಂದೂಡಬಹುದು, ಸಂಕ್ರಮಣವನ್ನು ಮುಂದೂಡಲಾಗದು. 2024ರಲ್ಲಿ ಸೂರ್ಯನು ಮಕರ ರಾಶಿಯನ್ನು ಪ್ರವೇಶಿಸಿದ್ದು ಭಾರತದ ಲೆಕ್ಕದಲ್ಲಿ 15ರ ಬೆಳಗಿನ ಜಾವ ಮೂರರ ಸುಮಾರಿಗೆ. ಅಂದರೆ ಅಮೆರಿಕದ ಪೂರ್ವ ಭಾಗದಲ್ಲಿ 14ರ ಸಂಜೆ. ಆ ವರ್ಷ ಊರಿನ ಕ್ಯಾಲೆಂಡರ್ ನೋಡಿ 15ಕ್ಕೆ ಹಬ್ಬ ಮಾಡಿದವರನ್ನೂ, ಶನಿವಾರಕ್ಕೆ ಎಳೆದವರನ್ನೂ ಕಂಡು ನನಗೆ ಬೇಸರವಾಯಿತು. ರಥಸಪ್ತಮಿಯವರೆಗೆ ಸಮಯವಿದೆ ಎಂಬ ಮಾತನ್ನು ನಂಬಿದವರಿಗೆ ಏನಾಯಿತೆಂದು ನಾನು ಬಲ್ಲೆ. 2015ರಲ್ಲಿ ರಥಸಪ್ತಮಿ ಜನವರಿ 26ರಂದು ಬಂದಿತ್ತು. ಎಲ್ಲರಿಗೂ ಬಿಡುವಾಗಲೆಂದು ಸ್ನೇಹಿತೆಯರು ಎಳ್ಳು ಬೀರುವುದನ್ನು ಆ ಸಂಜೆಗೇ ಇರಿಸಿಕೊಂಡಿದ್ದರು. ಅದೇ ರಾತ್ರಿ ಬಿರುಗಾಳಿ ಶುರುವಾಗಿ ಬಾಸ್ಟನ್ನಿನ ಮೇಲೆ ಎರಡು ಅಡಿ ಹಿಮ ಬಿತ್ತು, ರಾಜ್ಯವಿಡೀ ವಾಹನ ಸಂಚಾರ ನಿಂತಿತು, ಹಬ್ಬ ಕೈಬಿಟ್ಟುಹೋಯಿತು. ನಾನು 14ರಂದೇ ಒಬ್ಬಳೇ ಹುಗ್ಗಿ ಮಾಡಿ, ಎದುರು ಮನೆಯ ಐರಿಶ್ ಅಜ್ಜಿಗೆ ಎಳ್ಳು ಬೀರಿ ಮುಗಿಸಿದ್ದೆ. ಹತ್ತಿರದ ಒಬ್ಬರಿಗಾದರೂ ಆ ದಿನವೇ ಬೀರಿರಿ.

ಬಾಗಲಕೋಟೆ ಮೂಲ, ಟೊರಾಂಟೊ
ತಂಗಿ, ಇಲ್ಲಿ ಎಲ್ಲರೂ ಎಳ್ಳುಬೆಲ್ಲವೊಂದೇ ಹಬ್ಬವೆಂಬಂತೆ ಬರೆಯುತ್ತಿದ್ದಾರೆ. ನಮ್ಮಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಕೂಡಲಸಂಗಮಕ್ಕೆ ಹೋಗಿ, ಹೊಳೆಯಲ್ಲಿ ಮಿಂದು, ದಂಡೆಯ ಮೇಲೆ ಕುಳಿತು ಉಂಡರೆ ಮಾತ್ರ ಸಂಕ್ರಮಣ. 2022ರ ಜನವರಿ 17ರ ಸೋಮವಾರ ಬನದ ಹುಣ್ಣಿಮೆ, ಅಂದರೆ ಪುಷ್ಯ ಮಾಸದ ಹುಣ್ಣಿಮೆ, ಇತ್ತು. ಬಾದಾಮಿಯ ಬನಶಂಕರಿಗೆ 108 ಬಗೆಯ ಪಲ್ಯಗಳ ನೈವೇದ್ಯ ಮಾಡುವ ಸಂಪ್ರದಾಯವನ್ನು ನಾವು ಐದಾರು ಮನೆಯವರು ಹಂಚಿಕೊಂಡು ನಡೆಸುತ್ತೇವೆ. ಆ ದಿನ ನಗರದ ಕೆಲವೆಡೆ 50 ಸೆಂಟಿಮೀಟರಿಗೂ ಹೆಚ್ಚು ಹಿಮ ಬಿತ್ತು; ಗಾರ್ಡಿನರ್ ಮತ್ತು ಡಾನ್ ವ್ಯಾಲಿ ಹೆದ್ದಾರಿಗಳನ್ನೇ ಮುಚ್ಚಿದರು. ಪಡುವಲ, ಹೀರೆ, ತೊಂಡೆಕಾಯಿಗಳಿಗೆ ನನ್ನೊಬ್ಬಳ ಪಾಲಿನದೇ 86 ಡಾಲರ್ ಆಗಿತ್ತು. ಯಾರೂ ಬರಲಾಗದೆ, ಇದ್ದ ತರಕಾರಿಯನ್ನೆಲ್ಲ ಹೆಚ್ಚಿ ತಾಯಿಗೆ ಎಡೆ ಮಾಡಿದೆ, ಮಿಕ್ಕವರು ತಮ್ಮ ತಮ್ಮ ಅಡುಗೆಮನೆಗಳಿಂದ ಫೋನಿನಲ್ಲಿ ನೋಡಿದರು. ಅದನ್ನು ಹಬ್ಬವಲ್ಲವೆನ್ನಲು ಯಾರಿಗೂ ಹಕ್ಕಿಲ್ಲ.

ಡಲ್ಲಾಸ್ ಕನ್ನಡಿಗ
ತಿಥಿಯ ಮಾತು ಹಾಗಿರಲಿ, ಕರೆಂಟು ಹೋದರೆ ಏನು ಮಾಡುತ್ತೀರೆಂದು ಮೊದಲು ಯೋಚಿಸಿ. 2021ರಲ್ಲಿ ರಥಸಪ್ತಮಿ ಫೆಬ್ರವರಿ 19ಕ್ಕೆ ಇತ್ತು, ಆ ವಾರವೇ ಹಿಮಬಿರುಗಾಳಿಗೆ ಕರೆಂಟು ಹೋಗಿ ಟೆಕ್ಸಸ್ಸಿನ ಲಕ್ಷಾಂತರ ಮನೆಗಳು ಕತ್ತಲಾದವು. ನಮ್ಮ ಅಟ್ಟದಲ್ಲಿದ್ದ ಪೈಪಿನ ನೀರು ಹೆಪ್ಪುಗಟ್ಟಿ, ಪೈಪು ಒಡೆದು ದೇವರ ಮನೆಯ ಚಾವಣಿ ಕುಸಿಯಿತು. ಪ್ಲಂಬರಿಗೆ 650 ಡಾಲರ್, ಗೋಡೆ ಮತ್ತು ಚಾವಣಿಗೆ 3,400, ನೆಲಹಾಸಿಗೆ 1,900 ಆಯಿತು. ವಿಮೆಯವರು ಮೊದಲ 2,500 ಡಾಲರನ್ನು ನಮ್ಮ ಮೇಲೆಯೇ ಹೊರಿಸಿದರು. ಗ್ಯಾಸ್ ಒಲೆಯಿದ್ದ ಸ್ನೇಹಿತರ ಮನೆಯಲ್ಲಿ ಮೂರು ಸಂಸಾರಗಳು ಇದ್ದು, ಅಲ್ಲಿಯೇ ಪಾಯಸ ಮಾಡಿ ಸೂರ್ಯನಿಗೆ ಅರ್ಘ್ಯ ಕೊಟ್ಟೆವು. ಬೆಚ್ಚಗಾಗಲೆಂದು ಇದ್ದಿಲ ಒಲೆಯನ್ನು ಮಾತ್ರ ಒಳಗೆ ಹಚ್ಚಬೇಡಿ. ಅದರಿಂದ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ; ಆ ವಿಷಾನಿಲಕ್ಕೆ ಆ ವಾರ ಹ್ಯೂಸ್ಟನ್ ಕಡೆ ಜನ ಸತ್ತಿದ್ದಾರೆ.

ತುಮಕೂರಿನವಳು, ಬಾಸ್ಟನ್
ಮಿನ್ನೆಸೋಟದ ಮನೆಗಳನ್ನು ಚಳಿಗೆಂದೇ ಕಟ್ಟಿರುತ್ತಾರೆ, ಅಲ್ಲಿ ಪೈಪುಗಳನ್ನು ಸಾಮಾನ್ಯವಾಗಿ ಅಟ್ಟದಲ್ಲಿ ಬಿಡುವುದಿಲ್ಲ. ಕೈಗೂಸಿನ ತಾಯಿಯನ್ನು ಹೀಗೆ ಹೆದರಿಸುವುದು ತರವಲ್ಲ.

ಡಲ್ಲಾಸ್ ಕನ್ನಡಿಗ
ದೇವರ ಫೋಟೊಗಳ ಮೇಲೆ ಚಾವಣಿ ಬಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೈಗೂಸಿರುವ ಮನೆಗೇ ಈ ಎಚ್ಚರಿಕೆ ಹೆಚ್ಚು ಬೇಕು. ಯಾರು ಏನೆಂದರೂ ನಾನು ಹೇಳುವವನೇ.

ಬಫಲೋ ನಿವಾಸಿ
ಬಾಸ್ಟನ್ನಿನವರು ನಾನು ಬರೆದುದನ್ನು ಸರಿಯಾಗಿ ಓದಬೇಕು. ನಾವು ಮುಂದೂಡಿದ್ದು ಎಳ್ಳು ಬೀರುವುದನ್ನು ಮಾತ್ರ. ಸಂಕ್ರಮಣದ ಪೂಜೆಯನ್ನು 14ರಂದೇ ಮಾಡಿ, ಮನೆಯಲ್ಲಿದ್ದ ಅವರೆಕಾಳು ಹಾಕಿ ಹುಗ್ಗಿ ಮಾಡಿದ್ದೆವು. ಎದುರು ಮನೆಯ ಬಾಗಿಲನ್ನು ಹಿಮ ಅರ್ಧ ಮುಚ್ಚಿರುವಾಗ ಯಾರಿಗೆ ಬೀರಬೇಕಿತ್ತು? ಇನ್ನೊಂದು ಮಾತು: ಬಿಸಿಲಿಲ್ಲದಿದ್ದರೆ ಎಳ್ಳಿಗೆ ಬೆರೆಸುವ ಕೊಬ್ಬರಿ ಚೂರನ್ನು ಓವನ್ನಿನಲ್ಲಿ ಒಣಗಿಸಿ, 170 ಡಿಗ್ರಿ ಫ್ಯಾರನ್‌ಹೀಟಿಗೆ ಇರಿಸಿದರೆ ಸಾಕು.

ಬಾಗಲಕೋಟೆ ಮೂಲ, ಟೊರಾಂಟೊ
ಓವನ್ ಏಕೆ ಬೇಕು? ಹೀಟರ್ ಹಚ್ಚಿದ ಮನೆಯ ಗಾಳಿಯೇ ಒಣಗಿರುತ್ತದೆ. ಕೊಬ್ಬರಿ ಚೂರನ್ನು ಬಟ್ಟೆಯ ಮೇಲೆ ಹರವಿದರೆ ಎರಡು ದಿನಕ್ಕೆ ಗರಿಗರಿಯಾಗುತ್ತದೆ, ಬಣ್ಣವೂ ಕೆಡುವುದಿಲ್ಲ. ಓವನ್ನಿನ ಶಾಖಕ್ಕೆ ಅದರ ಎಣ್ಣೆ ಹೊರಬಂದು ಎಳ್ಳೆಲ್ಲ ಜಿಡ್ಡಾದುದನ್ನು ನಾನು ಕಂಡಿದ್ದೇನೆ. ತಂಗಿ, ಸ್ನೇಹಿತೆಯರು ಬರದಿದ್ದರೆ ಆ ಸಂಜೆ ಕುಸುರೆಳ್ಳು ಮಾಡು. ಸಣ್ಣ ಉರಿಯಲ್ಲಿ ಎಳ್ಳು ಆಡಿಸುತ್ತ ಸಕ್ಕರೆ ಪಾಕವನ್ನು ಚಮಚದಿಂದ ಹನಿಹನಿಯಾಗಿ ಹಾಕಬೇಕು. ಹವೆ ಚಳಿಯಾಗಿ ಒಣಗಿದ್ದಷ್ಟೂ ಅದಕ್ಕೆ ಮುಳ್ಳು ಚೆನ್ನಾಗಿ ಏಳುತ್ತದೆ. ಮಗುವಿಗೆ ಎರೆಯಲು ಎಲಚಿಹಣ್ಣಿನ ಜೊತೆಗೆ ಅದನ್ನೂ ಬಳಸು.