ಮಿಷಿಗನ್‌ನಲ್ಲಿ ನಾವು ಕಟ್ಟುವ ಮನೆ ತೆರಿಗೆ ನಮ್ಮ ಸ್ಕೂಲಿಗೇ ಹೋಗುತ್ತಾ?

ಪ್ರಶ್ನೆ: ಮೇಡಂ, ನೀವು ಒಂದು ಸ್ಕೂಲ್ ಡಿಸ್ಟ್ರಿಕ್ಟ್‌ನ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡ್ತೀರಿ ಅಂತ ಗೊತ್ತಾಯಿತು, ಅದಕ್ಕೇ ಕೇಳುತ್ತಿದ್ದೇನೆ. ಹೋದ ವರ್ಷ ಮಿಷಿಗನ್‌ನಲ್ಲಿ ಮನೆ ತಗೊಂಡೆವು. ಹಿಂದಿನ ಮಾಲೀಕರು ಕಟ್ಟುತ್ತಿದ್ದದ್ದರ ಹೆಚ್ಚುಕಡಿಮೆ ಎರಡರಷ್ಟು ಪ್ರಾಪರ್ಟಿ ಟ್ಯಾಕ್ಸ್ ನಮಗೆ ಬಂದಿದೆ. ಪಕ್ಕದ ಮನೆಯವರು "ಮಕ್ಕಳ ಸ್ಕೂಲಿಗೆ ತಾನೇ ಹೋಗೋದು" ಅಂತಾರೆ. ಹಾಗಿದ್ದರೆ ಮಗಳ ಸ್ಕೂಲಲ್ಲಿ ಸಂಗೀತದ ಟೀಚರನ್ನು ಯಾಕೆ ತೆಗೆದರು?

ಉತ್ತರ: ಮೊದಲು ಬಿಲ್ ವಿಷಯ. ಇಲ್ಲಿ ಮನೆ ಕೈಬದಲಾಗುವವರೆಗೆ ಟ್ಯಾಕ್ಸೆಬಲ್ ವ್ಯಾಲ್ಯೂ (ತೆರಿಗೆ ಲೆಕ್ಕ ಹಾಕುವ ಬೆಲೆ) ವರ್ಷಕ್ಕೆ ಹಣದುಬ್ಬರದಷ್ಟೇ ಏರಬಹುದು, ಅದೂ 5% ದಾಟುವ ಹಾಗಿಲ್ಲ. ಮಾರಾಟವಾದ ಮರುವರ್ಷ ಆ ಮಿತಿ ಹೋಗಿ, ಮಾರುಕಟ್ಟೆ ಬೆಲೆಯ ಅರ್ಧಕ್ಕೆ ಬಂದು ನಿಲ್ಲುತ್ತದೆ. ನಿಮಗೆ ಆಗಿರುವುದು ಬಹುಶಃ ಇದೇ.

ಆದರೆ ಬಿಲ್ ತೆಗೆದು "ಸ್ಕೂಲ್ ಆಪರೇಟಿಂಗ್" ಅನ್ನೋ ಸಾಲು ನೋಡಿ. ಅಲ್ಲಿ 18 ಮಿಲ್ ಹಾಕಿದ್ದರೆ ತಕ್ಷಣ ಸಿಟಿ ಅಥವಾ ಟೌನ್‌ಶಿಪ್‌ನ ಅಸೆಸರ್ (ಆಸ್ತಿಗೆ ಬೆಲೆ ಕಟ್ಟುವವರು) ಆಫೀಸಿಗೆ ಫೋನ್ ಮಾಡಿ. ಒಂದು ಮಿಲ್ ಅಂದರೆ 1,000 ಡಾಲರಿಗೆ 1 ಡಾಲರ್. ಮನೆ 4 ಲಕ್ಷ ಡಾಲರಿನದ್ದಾದರೆ ಟ್ಯಾಕ್ಸೆಬಲ್ ವ್ಯಾಲ್ಯೂ 2 ಲಕ್ಷ, 18 ಮಿಲ್ ಅಂದರೆ 3,600 ಡಾಲರ್. ಸ್ವಂತ ಮನೆಯಲ್ಲಿ ತಾವೇ ವಾಸ ಇರುವವರಿಗೆ ಇದು ಮಾಫಿ, ಆದರೆ ತಾನಾಗಿ ಆಗಲ್ಲ, ಫಾರಂ 2368 ಕೊಡಬೇಕು. ಮನೆ ಕೊಂಡ ಗಡಿಬಿಡಿಯಲ್ಲಿ ಎಷ್ಟೋ ಜನ ಇದನ್ನು ಬಿಟ್ಟುಬಿಡ್ತಾರೆ. ಬಿಟ್ಟಿದ್ದರೂ ಜುಲೈ ಅಥವಾ ಡಿಸೆಂಬರ್‌ನಲ್ಲಿ ಸೇರುವ, ತೆರಿಗೆ ತಕರಾರು ಕೇಳುವ ಬೋರ್ಡ್ ಆಫ್ ರಿವ್ಯೂ ಮುಂದೆ ಕೇಳಬಹುದು.

ಇನ್ನು ಸ್ಕೂಲ್. 1994ಕ್ಕೆ ಮುಂಚೆ ನಿಮ್ಮ ಪಕ್ಕದ ಮನೆಯವರು ಹೇಳಿದ್ದು ಬಹುಪಾಲು ನಿಜವಾಗಿತ್ತು. ಊರಿನ ಆಸ್ತಿ ಬೆಲೆ ಚೆನ್ನಾಗಿದ್ದರೆ ಸ್ಕೂಲೂ ಚೆನ್ನ, ಇಲ್ಲದಿದ್ದರೆ ಇಲ್ಲ. 1993ರಲ್ಲಿ ಕಲ್ಕಾಸ್ಕ ಅನ್ನೋ ಊರಿನಲ್ಲಿ ತೆರಿಗೆ ಏರಿಸಲು ಜನ ಒಪ್ಪಲಿಲ್ಲ, ದುಡ್ಡಿಲ್ಲದೆ ಮಾರ್ಚ್‌ನಲ್ಲೇ ಶಾಲೆಗೆ ಬೀಗ ಬಿತ್ತು. ಮರುವರ್ಷ, ಸ್ಕೂಲಿಗೆ ಹಣ ಬರುವ ದಾರಿ ಬದಲಿಸುವ ಪ್ರಪೋಸಲ್ ಎ ಮೇಲೆ ರಾಜ್ಯದಲ್ಲಿ ಮತದಾನ ಆಗಿ ಸೇಲ್ಸ್ ಟ್ಯಾಕ್ಸ್ 4ರಿಂದ 6%ಗೆ ಏರಿತು, ಸ್ಕೂಲಿಗೆ ಹೋಗುತ್ತಿದ್ದ ಮನೆ ತೆರಿಗೆ ಬಹಳ ಇಳಿಯಿತು. ಆ ಹೆಚ್ಚುವರಿ 2% ಪೂರ್ತಿ, ಹಳೆಯ 4%ರಲ್ಲಿ ನೂರಕ್ಕೆ 60 ಭಾಗ, ರಾಜ್ಯದ ಸ್ಕೂಲ್ ಏಯ್ಡ್ ಫಂಡಿಗೆ ಹೋಗುತ್ತದೆ. ಅಂದರೆ ಅಂಗಡಿಯಲ್ಲಿ ಫ್ರಿಜ್ ಕೊಂಡಾಗ ಕಟ್ಟುವ ತೆರಿಗೆಯಲ್ಲಿ ಮುಕ್ಕಾಲು ಪಾಲಿಗೆ ಸ್ವಲ್ಪ ಕಡಿಮೆ ಮಕ್ಕಳ ಪಾಠಕ್ಕೆ. ನಿಮ್ಮ ಬಿಲ್‌ನಲ್ಲಿರುವ 6 ಮಿಲ್ ಸ್ಟೇಟ್ ಎಜುಕೇಶನ್ ಟ್ಯಾಕ್ಸ್ ಕೂಡ ಅದೇ ಫಂಡಿಗೆ.

ಅಲ್ಲಿಂದ ಪ್ರತಿ ವಿದ್ಯಾರ್ಥಿಗೆ ಇಷ್ಟು ಅಂತ ಡಿಸ್ಟ್ರಿಕ್ಟಿಗೆ ಬರುತ್ತದೆ. 2024-25ರಲ್ಲಿ ಅದು, ಊರಿನ 18 ಮಿಲ್ ಹಣವೂ ಸೇರಿ, 9,608 ಡಾಲರ್. ಊರಿಗೆ ಹೊಸ ಶಾಪಿಂಗ್ ಮಾಲ್ ಬಂದು ಆ 18 ಮಿಲ್‌ನಿಂದ ಹೆಚ್ಚು ಹಣ ಬಂದರೆ ರಾಜ್ಯ ತನ್ನ ಪಾಲನ್ನು ಅಷ್ಟು ಇಳಿಸುತ್ತದೆ. ನಿಮ್ಮ ಮನೆ ತೆರಿಗೆ ಏರಿದ್ದರಿಂದ ನಿಮ್ಮ ಮಗಳ ಕ್ಲಾಸಿಗೆ ಹೆಚ್ಚುವರಿ ಏನೂ ಸಿಗಲ್ಲ.

ಟೀಚರ್ ಕೆಲಸ ಹೋಗುವುದು ಸಾಮಾನ್ಯವಾಗಿ ಮಕ್ಕಳ ಸಂಖ್ಯೆ ಇಳಿದಾಗ. ಅಕ್ಟೋಬರ್‌ನ ಮೊದಲ ಬುಧವಾರ ತಲೆ ಎಣಿಸುತ್ತಾರೆ. 30 ಮಕ್ಕಳು ಕಡಿಮೆಯಾದರೆ ಸುಮಾರು 2,88,000 ಡಾಲರ್ ಹೋಯಿತು. ಆ ಮೂವತ್ತು ಮಕ್ಕಳು ಒಂದೇ ಕ್ಲಾಸಿನವರಾಗಿರಲ್ಲ, ಇಲ್ಲಿ ಇಬ್ಬರು ಅಲ್ಲಿ ಒಬ್ಬರು, ಹಾಗಾಗಿ ಒಂದು ಕ್ಲಾಸನ್ನೂ ಮುಚ್ಚೋಕಾಗಲ್ಲ, ಬಸ್ಸೂ ನಿಲ್ಲಿಸೋಕಾಗಲ್ಲ. ಕೊನೆಗೆ ಕೈ ಹೋಗುವುದು ಸಂಗೀತ, ಲೈಬ್ರರಿ ಮೇಲೆ. ಪ್ರತಿ ಸಲವೂ ನನಗೆ ತುಂಬಾ ನೋವಾಗುತ್ತದೆ.

ಇನ್ನೊಬ್ಬ ಸದಸ್ಯರು: ನಾವು ಬಾಡಿಗೆ ಮನೆಯಲ್ಲಿದ್ದೇವೆ. ಹಾಗಾದರೆ ನಮ್ಮ ಪಾಲು ಸೇಲ್ಸ್ ಟ್ಯಾಕ್ಸ್ ಮಾತ್ರ ಅಲ್ವಾ?

ಉತ್ತರ: ಇಲ್ಲ ಸರ್. ಬಾಡಿಗೆಗೆ ಕೊಟ್ಟ ಮನೆಗೆ 18 ಮಿಲ್ ಮಾಫಿ ಇಲ್ಲ, ಮಾಲೀಕರು ಕಟ್ಟುತ್ತಾರೆ, ಅದರಲ್ಲಿ ಒಂದಿಷ್ಟಾದರೂ ಬಾಡಿಗೆಯಲ್ಲಿ ನಿಮ್ಮ ತಲೆಗೇ ಬರುತ್ತದೆ. ಸೇಲ್ಸ್ ಟ್ಯಾಕ್ಸ್ ಕೂಡ ಕಡಿಮೆ ಸಂಬಳದವರಿಗೇ ಜಾಸ್ತಿ ಭಾರ. ದಿನಸಿಗೆ, ಡಾಕ್ಟರ್ ಬರೆದುಕೊಟ್ಟ ಔಷಧಿಗೆ ಇಲ್ಲಿ ಆ ತೆರಿಗೆ ಇಲ್ಲ ಅನ್ನೋದು ಒಂದೇ ಸಮಾಧಾನ.

ಅದೇ ಸದಸ್ಯರು: ಜನ ಖರ್ಚು ಕಡಿಮೆ ಮಾಡಿದರೆ?

ಉತ್ತರ: ಅದೇ ಇದರ ದೊಡ್ಡ ದೌರ್ಬಲ್ಯ. ಕಷ್ಟ ಬಂದಾಗ ಮನೆ ತೆರಿಗೆ ನಿಧಾನಕ್ಕೆ ಇಳಿಯುತ್ತದೆ, ಕಾರು ಕೊಳ್ಳುವುದನ್ನು ಜನ ಆ ತಿಂಗಳೇ ಮುಂದೂಡುತ್ತಾರೆ. 2011-12ರಲ್ಲಿ, ಆರ್ಥಿಕ ಹಿಂಜರಿತದ ಹೊಡೆತವೂ ಸರ್ಕಾರದ ತೀರ್ಮಾನವೂ ಸೇರಿ, ಪ್ರತಿ ವಿದ್ಯಾರ್ಥಿಯ ಕನಿಷ್ಠ ಮೊತ್ತ 7,316ರಿಂದ 6,846 ಡಾಲರಿಗೆ ಇಳಿಯಿತು.

ಮೊದಲು ಕೇಳಿದವರು: ಫಾರಂ ಕೊಟ್ಟೇ ಇರಲಿಲ್ಲ ಮೇಡಂ, ನಾಳೆಯೇ ಹೋಗ್ತೀನಿ! ಬಿಲ್‌ನಲ್ಲಿ "ಸ್ಕೂಲ್ ಡೆಟ್" ಅಂತಲೂ ಇದೆ, ಅದೇನು?

ಉತ್ತರ: ಅದು ಕಟ್ಟಡಕ್ಕೆ ಮಾಡಿದ ಸಾಲದ ಕಂತು. ಇದಕ್ಕೆ ಮಾಫಿ ಇಲ್ಲ, ಎಲ್ಲರೂ ಕಟ್ಟಬೇಕು, ಮತ್ತು ಇದು ನಿಮ್ಮ ಡಿಸ್ಟ್ರಿಕ್ಟ್‌ನಲ್ಲೇ ಉಳಿಯುತ್ತದೆ. ಪ್ರಪೋಸಲ್ ಎ ಪಾಠದ ಹಣವನ್ನು ಸಮ ಮಾಡುತ್ತಾ ಬಂತು, ಕಟ್ಟಡದ ಹಣವನ್ನು ಹಳೆಯ ಹಾಗೆ ಊರಿನ ಮೇಲೇ ಬಿಟ್ಟಿತು, ಅದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಒಂದು ಡಿಸ್ಟ್ರಿಕ್ಟ್‌ನ ಆಸ್ತಿಯ ಟ್ಯಾಕ್ಸೆಬಲ್ ವ್ಯಾಲ್ಯೂ 4 ಬಿಲಿಯನ್ ಡಾಲರ್ ಅಂದುಕೊಳ್ಳಿ, ಒಂದು ಮಿಲ್ ಹಾಕಿದರೆ 40 ಲಕ್ಷ ಬರುತ್ತದೆ. ಇನ್ನೊಂದರದು 300 ಮಿಲಿಯನ್ ಆದರೆ ಅದೇ ಒಂದು ಮಿಲ್‌ಗೆ 3 ಲಕ್ಷ. ಸೋರುವ ಮಾಡು ಎರಡು ಕಡೆಯೂ ಸೋರುತ್ತದೆ. ಬಾಂಡ್ ಹಣದಲ್ಲಿ, ಅಂದರೆ ಈ ಕಟ್ಟಡದ ಸಾಲದ ಹಣದಲ್ಲಿ, ಟೀಚರ್ ಸಂಬಳ ಕೊಡುವ ಹಾಗಿಲ್ಲ, ಹಾಗಾಗಿ "ಹೊಸ ಜಿಮ್ ಕಟ್ಟುವ ಬದಲು ಸಂಗೀತದ ಟೀಚರನ್ನು ಉಳಿಸಬಹುದಿತ್ತಲ್ಲ" ಅಂತ ಬೋರ್ಡ್ ಮೀಟಿಂಗಿನಲ್ಲಿ ಕೇಳಿದರೆ ಪ್ರಯೋಜನ ಆಗಲ್ಲ. ಅಕ್ಟೋಬರ್‌ನ ಎಣಿಕೆಯಲ್ಲಿ ಎಷ್ಟು ಮಕ್ಕಳು ಕಡಿಮೆಯಾದರು, ಮುಂದಿನ ವರ್ಷಕ್ಕೆ ಎಷ್ಟು ಅಂದಾಜಿಟ್ಟಿದ್ದೀರಿ ಅಂತ ಕೇಳಿ. ಬಜೆಟ್ ಜೂನ್ ಮುಗಿಯುವುದರೊಳಗೆ ಪಾಸಾಗುತ್ತದೆ, ಕೇಳುವುದಿದ್ದರೆ ಅದಕ್ಕೆ ಮುಂಚೆಯೇ ಕೇಳಿ.