ಬುಲೆಟ್ ಮೀಟರಿನ ಗಾಜಿನೊಳಗೆ ಹಬೆ, ಮುಳ್ಳು 40ರಲ್ಲೇ ನಿಲ್ಲುತ್ತೆ

ತುಂಗಾತೀರ (ತೀರ್ಥಹಳ್ಳಿ):
ನಮಸ್ಕಾರ. 1984ರ ಬುಲೆಟ್ 350, ಕೇಬಲ್ ಮೀಟರು. ಮಳೆಗಾಲ ಕಳೆದರೂ ಬೆಳಿಗ್ಗೆ ಗಾಜಿನ ಒಳಗಡೆ ಹಬೆ ಕಟ್ಟಿರುತ್ತೆ, ಡಯಲ್ ಮೇಲೆ ಬಿಳಿ ಬೂಷ್ಟಿನ ಚುಕ್ಕಿ. ಗಾಡಿ ನಿಂತರೂ ಮುಳ್ಳು 40ರ ಹತ್ತಿರವೇ ಇರುತ್ತೆ, ಗಾಜು ತಟ್ಟಿದರೆ ಇಳಿಯುತ್ತೆ. ಕಿಲೋಮೀಟರ್ ಅಂಕಿ ಮಾತ್ರ ಸರಿಯಾಗಿ ಓಡ್ತಿದೆ. ಡುಪ್ಲಿಕೇಟ್ ಮೀಟರ್ ಬೇಡ, ಇದೇ ಡಯಲ್ ಉಳಿಸ್ಕೋಬೇಕು. ಗಾಜು ಹಿಡಿದಿರೋ ರಿಂಗಿಗೆ ಸ್ಕ್ರೂ ಇಲ್ಲ, ಅಂಚು ಮಡಚಿ ಒತ್ತಿದ್ದಾರೆ. ಹೇಗೆ ಬಿಚ್ಚೋದು?

ಹಳೇಗಾಡಿ:
ಅಂಕಿ ಓಡ್ತಿದೆ ಅಂದ್ರೆ ಕೇಬಲ್, ಚಕ್ರದ ಹತ್ತಿರದ ಗೇರು ಎರಡೂ ಸರಿಯಿವೆ. ಅಂಕಿ, ಮುಳ್ಳು ಎರಡೂ ನಿಂತಿದ್ದರೆ ಕೇಬಲ್ ನೋಡಬೇಕಿತ್ತು. ನಿಮ್ಮದು ಮುಳ್ಳಿನ ಭಾಗದ್ದೇ ತೊಂದರೆ. ಕೇಬಲ್ ತಿರುಗಿಸೋದು ಆಯಸ್ಕಾಂತವನ್ನು. ಮುಳ್ಳಿನ ಕಡ್ಡಿಗೆ ಕೂತಿರೋದು ಅಲ್ಯೂಮಿನಿಯಂ ಬಟ್ಟಲು. ಇವೆರಡೂ ಒಂದಕ್ಕೊಂದು ತಾಗಬಾರದು. ನಡುವಿನ ಸಣ್ಣ ಸಂದಿನಲ್ಲಿ ತುಕ್ಕಿನ ಪುಡಿ ಸೇರಿದರೆ, ಅಥವಾ ಕಡ್ಡಿಯ ತುದಿಯಲ್ಲಿ ಎಣ್ಣೆ ಅಂಟಾಗಿದ್ದರೆ, ಕೂದಲೆಳೆಯಂಥ ಸ್ಪ್ರಿಂಗಿಗೆ ಮುಳ್ಳನ್ನು ವಾಪಸ್ ಎಳೆಯೋ ಬಲ ಸಾಲಲ್ಲ.

ರಿಂಗು: ಮೊದಲು ಕಿಲೋಮೀಟರ್ ರೀಡಿಂಗಿನ ಫೋಟೋ ತೆಗೆದಿಟ್ಕೊಳ್ಳಿ. ಮೊಂಡು ತುದಿಯ ಸಣ್ಣ ಸ್ಕ್ರೂಡ್ರೈವರ್‌ನಿಂದ ಹಿಂದಿನ ಅಂಚನ್ನು ಒಂದು ಸುತ್ತಿನಲ್ಲಿ ಒಂದು ಮಿಲಿಮೀಟರಿಗಿಂತ ಹೆಚ್ಚು ಎತ್ತಬೇಡಿ. ಮೂರ್ನಾಲ್ಕು ಸುತ್ತು ಹೋಗಬೇಕು. ಒಂದೇ ಕಡೆ ಪೂರ್ತಿ ಎತ್ತಿದರೆ ಅಲ್ಲೇ ಸೀಳುತ್ತೆ, ಸೀಳಿದ ರಿಂಗು ಮತ್ತೆ ಕೂರಲ್ಲ. ವಾಪಸ್ ಒತ್ತುವಾಗ ಇಕ್ಕಳ ಬೇಡ, ಸ್ಟೀಲ್ ಚಮಚದ ಬೆನ್ನು ಸಾಕು.

ಹಿಂದಿನ ಎರಡು ಸ್ಕ್ರೂ ತೆಗೆದರೆ ಯಂತ್ರ ಹೊರಗೆ ಬರುತ್ತೆ. ಕೈಯಲ್ಲಿ ಒತ್ತೋ ರಬ್ಬರ್ ಬುಗ್ಗೆಯಿಂದ ಮೆಲ್ಲಗೆ ಗಾಳಿ ಊದಿ. ಗ್ಯಾರೇಜಿನ ಕಂಪ್ರೆಸರ್ ಹಿಡಿದರೆ ಸ್ಪ್ರಿಂಗ್ ಹಾಳಾಯ್ತು ಅಂತಲೇ ತಿಳ್ಕೊಳ್ಳಿ. ಆಯಸ್ಕಾಂತಕ್ಕೆ ಹಿಡಿದ ಕಬ್ಬಿಣದ ಪುಡಿ ಊದಿದರೆ ಹೋಗಲ್ಲ, ಬೇರೊಂದು ಮರದ ಕಡ್ಡಿಯ ತುದಿಗೆ ಅಂಟು ಹೊರಗಿರೋ ಹಾಗೆ ಟೇಪ್ ಸುತ್ತಿ ಒತ್ತಿ ತೆಗೀರಿ. ಇಷ್ಟಕ್ಕೇ ಮುಳ್ಳು ಸಲೀಸಾದರೆ ಅಲ್ಲಿಗೇ ನಿಲ್ಲಿಸಿ, ಮುಳ್ಳು ಕೀಳೋ ಗೋಜಿಗೆ ಹೋಗಬೇಡಿ.

ಕೀಳಲೇಬೇಕಾದರೆ ಒಂದು ವಿಷಯ. ಮುಳ್ಳು ತಡೆಗೂಟಕ್ಕೆ (ಸೊನ್ನೆಗಿಂತ ಕೆಳಗಿಳಿಯದಂತೆ ಡಯಲಿನ ಮೇಲಿರೋ ಪುಟ್ಟ ಪಿನ್ನು) ಒರಗಿ ನಿಂತಿರುತ್ತೆ, ಅದು ಅದರ ನಿಜವಾದ ವಿಶ್ರಾಂತಿ ಜಾಗ ಅಲ್ಲ. ಗೂಟದ ಮೇಲಿಂದ ಎತ್ತಿ ದಾಟಿಸಿ ಬಿಟ್ಟರೆ ಇನ್ನೂ ಕೆಳಗೆ ಹೋಗಿ ನಿಲ್ಲುತ್ತೆ. ಆ ಜಾಗಕ್ಕೆ ಅಂಚಿನಲ್ಲಿ ಟೇಪಿನ ಗುರುತು ಹಾಕಿ. ವಾಪಸ್ ಹಾಕುವಾಗ ಗುರುತಿನ ಮೇಲೆ ಕೂರಿಸಿ, ಆಮೇಲೆ ಗೂಟ ದಾಟಿಸಿ. ಇದನ್ನು ಬಿಟ್ಟು ನೇರ ಸೊನ್ನೆಗೆ ಕೂರಿಸಿದ ಮೀಟರುಗಳೇ ಹೆಚ್ಚು ಸ್ಪೀಡ್ ತೋರಿಸೋದು.

ಡಯಲಿಗೆ ಡಿಸ್ಟಿಲ್ಡ್ ವಾಟರ್ ಮುಟ್ಟಿಸಿ ಹಿಂಡಿದ ಹತ್ತಿಕಡ್ಡಿ ಮಾತ್ರ. ಪೆಟ್ರೋಲು, ಥಿನ್ನರು, ಸ್ಪಿರಿಟ್ಟು ಯಾವುದು ಬಿದ್ದರೂ ಅಕ್ಷರ ಎದ್ದು ಬರಬಹುದು. ಬೂಷ್ಟು ಹೋದ ಮೇಲೂ ಮಾಸಲು ಕಲೆ ಉಳಿದರೆ ಉಳಿಯಲಿ, ಅದನ್ನು ಉಜ್ಜಬೇಡಿ.

ಶರಾವತಿ ಹಿನ್ನೀರು (ಸಾಗರ):
ಮೇಲಿನವರು ಹೇಳಿದ್ದೆಲ್ಲ ಸರಿ. ಹಬೆ ಬಗ್ಗೆ ನಾನು ಸೇರಿಸ್ತೀನಿ. ನಮ್ಮ ಕಡೆ ಮೀಟರ್ ಮುಚ್ಚೋಕೆ ಜನವರಿ-ಫೆಬ್ರವರಿಯ ಬಿಸಿಲ ಮಧ್ಯಾಹ್ನವೇ ಆಗಬೇಕು. ಆಷಾಢದಲ್ಲಿ ಮುಚ್ಚಿದರೆ ಆಷಾಢದ ಗಾಳಿಯೇ ಒಳಗುಳಿದು ರಾತ್ರಿ ತಂಪಿಗೆ ಗಾಜಿನ ಮೇಲೆ ನೀರಾಗುತ್ತೆ. ಬಿಚ್ಚಿದ ಯಂತ್ರವನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಎರಡು ದಿನ ಇಡಿ. ಬಚ್ಚಲೊಲೆ ಹತ್ತಿರ ಒಣಗಿಸೋಕೆ ಇಡಬೇಡಿ: ಮಸಿ ಒಳಗೆ ಸೇರುತ್ತೆ, ಅಂಕಿಯ ಪ್ಲಾಸ್ಟಿಕ್ ಚಕ್ರಗಳು ಸೊಟ್ಟಗಾಗ್ತವೆ.

ನೀರು ಬರೋ ದಾರಿ ಎರಡು: ಗಾಜಿನ ಕೆಳಗಿನ ರಬ್ಬರ್ ಬಳೆ, ಬಲ್ಬ್ ಹೋಲ್ಡರಿನ ರಬ್ಬರು. ಕಲ್ಲಾಗಿದ್ದರೆ ಎರಡನ್ನೂ ಬದಲಾಯಿಸಿ. ವಿನೆಗರ್ ವಾಸನೆ ಬರೋ ಸಿಲಿಕೋನ್ ಅಂಟು ಹಚ್ಚಬೇಡಿ, ಅದರಿಂದ ಹೊರಡೋ ಆಮ್ಲ ಒಳಗಿನ ಲೋಹ ತಿನ್ನುತ್ತೆ. ತಳದಲ್ಲಿ ಸಣ್ಣ ತೂತು ಇದ್ದರೆ ಅದು ನೀರಿಳಿಯೋಕೆ ಬಿಟ್ಟಿದ್ದು, ಮುಚ್ಚಬೇಡಿ.

ತುಂಗಾತೀರ:
ಕೇಬಲ್‌ಗೆ ಗ್ರೀಸ್ ಹಚ್ಚಲಾ? ಜೋಡಿಸಿದ ಮೇಲೆ ಸ್ಪೀಡ್ ಸರಿ ತೋರಿಸ್ತಿದೆಯಾ ಅಂತ ತಿಳಿಯೋದು ಹೇಗೆ?

ಹಳೇಗಾಡಿ:
ತೆಳುವಾಗಿ ಹಚ್ಚಿ, ಮೀಟರ್ ಕಡೆಯ ಒಂದು ಗೇಣು ಒಣಗಿರಲಿ. ತಿರುಗೋ ಕೇಬಲ್ ಗ್ರೀಸನ್ನು ಮೇಲಕ್ಕೆ ಏರಿಸುತ್ತೆ. ಅದು ಬಟ್ಟಲಿಗೆ ಮುಟ್ಟಿದರೆ ಆಯಸ್ಕಾಂತ ಬಟ್ಟಲನ್ನೇ ಎಳ್ಕೊಂಡು ಹೋಗಿ ಮುಳ್ಳು ಡಯಲಿನ ಕೊನೆಗೆ ಬಡಿಯುತ್ತೆ. ಮುಳ್ಳು ಹೊಯ್ದಾಡಿದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಮಡಿಕೆಯಾಗಿದೆ.

ಪರೀಕ್ಷೆಗೆ ಡಯಲಿನ ಮೂಲೆಯ ಸಣ್ಣ ಅಂಕಿ ನೋಡಿ. ಸ್ಮಿತ್ಸ್ ಕಂಪನಿಯ ಮೀಟರಿನಲ್ಲಿ 1600 ಅಂತಿದ್ದರೆ ಕೇಬಲ್ ಮೈಲಿಗೆ 1600 ಸುತ್ತು, ಅಂದ್ರೆ ಕಿಲೋಮೀಟರಿಗೆ ಸುಮಾರು 994. ಗಂಟೆಗೆ 60 ಅಂದ್ರೆ ನಿಮಿಷಕ್ಕೆ ಒಂದು ಕಿಲೋಮೀಟರ್, ಹಾಗಾಗಿ ಮೀಟರಿಗೆ ಕೇಬಲ್ ಸೇರೋ ಜಾಗದಲ್ಲಿ ನಿಮಿಷಕ್ಕೆ 994 ಸುತ್ತು ಕೊಟ್ಟರೆ ಮುಳ್ಳು 60ಕ್ಕೆ ಬರಬೇಕು. ವೇಗ ಬದಲಾಯಿಸಬಹುದಾದ ಡ್ರಿಲ್ಲು ಸಾಕು, ತಿರುಗೋ ದಿಕ್ಕು ಮಾತ್ರ ಕೇಬಲ್ಲಿನದ್ದೇ ಇರಲಿ. ಆಮೇಲೆ ಭದ್ರಾವತಿ ರಸ್ತೆಯ ನೇರ ಭಾಗದಲ್ಲಿ ಫೋನಿನ ಜಿಪಿಎಸ್ ಜೊತೆ 50ರಲ್ಲಿ ಹೋಲಿಸಿ. ಆಗುಂಬೆ ಘಾಟಿಯ ತಿರುವಿನಲ್ಲಿ ಈ ಹೋಲಿಕೆ ನಡೆಯಲ್ಲ.

ಶರಾವತಿ ಹಿನ್ನೀರು:
ಇದನ್ನು ಓದಿ ಎರಡನೇ ಮಹಾಯುದ್ಧದ ಕಾಲದ ಗಾಡಿ ಮೀಟರ್ ಬಿಚ್ಚೋರಿಗೆ: ಅಂಕಿಗಳ ಮೇಲೆ ಕೆನೆಬಣ್ಣದ ದಪ್ಪ ಲೇಪ ಇದ್ದರೆ ಅದು ನಿಜವಾದ ರೇಡಿಯಂ ಇರಬಹುದು, ನಂಬರ್ ಪ್ಲೇಟಿನ ರೇಡಿಯಂ ಸ್ಟಿಕ್ಕರ್ ಥರದ್ದಲ್ಲ. ಹೊಳಪು ಹೋಗಿದ್ದರೂ ವಿಕಿರಣ ಹೋಗಿರಲ್ಲ, ಅದರ ಅರ್ಧಾಯು (ವಿಕಿರಣ ಅರ್ಧಕ್ಕೆ ಇಳಿಯೋಕೆ ಬೇಕಾದ ಕಾಲ) ಸುಮಾರು 1600 ವರ್ಷ. ಕೆರೆಯಬೇಡಿ, ಊದಬೇಡಿ, ಗಾಜನ್ನೇ ತೆಗೀಬೇಡಿ. ತುಂಗಾತೀರ ಅವರೇ, ನಿಮ್ಮ 84ರ ಡಯಲಿಗೆ ಆ ಭಯ ಇಲ್ಲ.